ಕಾಲು ಉಳುಕುವ ಮೊದಲು

ಆಟದ ಬಯಲಿನಲ್ಲಿ ಬಿದ್ದು ಕಾಲು ಮುರಿದುಕೊಂಡ ಹುಡುಗನನ್ನು ಮನೆಗೆ ಹೊತ್ತು ತಂದರೆ, ಕಾರಣ ಹುಡುಕುವ ಕೆಲಸ ನಮ್ಮಲ್ಲಿ ಬಹುಬೇಗ ಮುಗಿದುಹೋಗುತ್ತದೆ. ಅಜ್ಜಿ ದೃಷ್ಟಿ ತಾಗಿತೆಂದು ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾಳೆ. ಅಪ್ಪ ‘ನೋಡಿಕೊಂಡು ಆಡೋಕೆ ಏನಾಗಿತ್ತು’ ಎಂದು ಗದರುತ್ತಾನೆ. ಡ್ರಿಲ್ ಮೇಷ್ಟ್ರು ‘ಮೈ ಬಿಸಿ ಮಾಡಿಕೊಳ್ಳದೆ ಇಳಿದುಬಿಟ್ಟ’ ಎನ್ನುತ್ತಾರೆ. ಡಾಕ್ಟರು ಎಕ್ಸ್‌-ರೇ ಹಾಳೆಯನ್ನು ಬೆಳಕಿಗೆ ಹಿಡಿದು ಮೂಳೆಯ ಬಿರುಕನ್ನು ಬೆರಳಿಟ್ಟು ತೋರಿಸುತ್ತಾರೆ. ಎಲ್ಲರ ಮಾತಿನಲ್ಲೂ ಒಂದಿಷ್ಟು ಹುರುಳಿದೆ. ಆದರೆ ಆ ಹುಡುಗನ ಹಿಂದಿನ ಆರು ತಿಂಗಳು ಹೇಗಿದ್ದವು, ಮನೆಯಲ್ಲಿ ಏನು ನಡೆದಿತ್ತು, ತಂಡದಲ್ಲಿ ಅವನ ಜಾಗ ಭದ್ರವಾಗಿತ್ತೇ, ರಾತ್ರಿ ನಿದ್ದೆ ಬರುತ್ತಿತ್ತೇ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಈ ನಾಲ್ವರಲ್ಲಿ ಕಾಲಿನಿಂದಾಚೆಗೆ ಕಣ್ಣು ಹಾಯಿಸಿದವಳು ಅಜ್ಜಿ ಒಬ್ಬಳೇ ಎಂಬುದು ತಮಾಷೆಯಾದರೂ ನಿಜ.

ಎಳೆಯ ಕ್ರೀಡಾಪಟುಗಳ ಗಾಯಕ್ಕೂ ಅವರ ಮನಸ್ಸಿನ ಸ್ಥಿತಿಗೂ ಸಂಬಂಧವಿದೆಯೇ ಎಂಬ ಪ್ರಶ್ನೆಯನ್ನು ವಿಜ್ಞಾನ ಗಂಭೀರವಾಗಿ ಕೇಳಲು ತೊಡಗಿ ಅರ್ಧ ಶತಮಾನ ಕಳೆದಿದೆ. ಅದರ ಮೊದಲ ಎಳೆ ಸಿಗುವುದು ಆಟದ ಬಯಲಿನಲ್ಲಲ್ಲ, ಆಸ್ಪತ್ರೆಯ ಕಡತಗಳಲ್ಲಿ.

ಬದುಕಿನ ಏರುಪೇರಿಗೆ ಅಂಕ

ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಇಬ್ಬರು ಮನೋವೈದ್ಯರಿದ್ದರು. ರೋಗಿಗಳ ದಾಖಲೆಗಳನ್ನು ತಿರುವಿ ಹಾಕುವಾಗ ಒಂದು ಸಂಗತಿ ಮತ್ತೆ ಮತ್ತೆ ಅವರ ಕಣ್ಣಿಗೆ ಬಿತ್ತು. ಕಾಯಿಲೆ ಬೀಳುವ ಮುಂಚಿನ ದಿನಗಳಲ್ಲಿ ರೋಗಿಯ ಬದುಕಿನಲ್ಲಿ ಯಾವುದೋ ದೊಡ್ಡ ಏರುಪೇರು ನಡೆದಿರುತ್ತಿತ್ತು. 1967ರಲ್ಲಿ ಅವರು ಇಂಥ 43 ಘಟನೆಗಳ ಪಟ್ಟಿಯೊಂದನ್ನು ಪ್ರಕಟಿಸಿ, ಒಂದೊಂದಕ್ಕೂ ಒಂದು ತೂಕ ಕೊಟ್ಟರು. ಬಾಳಸಂಗಾತಿಯ ಸಾವಿಗೆ 100, ವಿಚ್ಛೇದನಕ್ಕೆ 73, ಮದುವೆಗೆ 50. ಕ್ರಿಸ್‌ಮಸ್ ಹಬ್ಬಕ್ಕೂ 12 ಅಂಕ ಇತ್ತು! ಹಬ್ಬ ಬಂತೆಂದರೆ ಮನೆಯ ಯಜಮಾನತಿಗೆ ಎಷ್ಟು ಒತ್ತಡ ಎಂದು ಬಲ್ಲ ನಮ್ಮ ಹೆಣ್ಣುಮಕ್ಕಳು ಈ ಅಂಕ ಕಡಿಮೆಯಾಯಿತು ಎಂದಾರು. ಸಿಹಿಯಾಗಲಿ ಕಹಿಯಾಗಲಿ, ಬದಲಾವಣೆಗೆ ಹೊಂದಿಕೊಳ್ಳಲು ಶರೀರ ಒಂದಿಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದು ಅವರ ತರ್ಕ.

ಕಾಯಿಲೆಗೆ ಹೀಗಾದರೆ ಗಾಯಕ್ಕೆ? ಹೋಮ್ಸ್ ಈ ಪ್ರಶ್ನೆಯನ್ನು ತಮ್ಮದೇ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಆಟಗಾರರ ಮುಂದಿಟ್ಟರು. ಹೆಲ್ಮೆಟ್ ತೊಟ್ಟು, ಮೈಗೆ ಮೈ ಢಿಕ್ಕಿ ಹೊಡೆಸುವ ಆಟ ಅದು. ಅಲ್ಲಿ ಗಾಯಕ್ಕೇನೂ ಬರವಿಲ್ಲ. ಪಟ್ಟಿಯನ್ನು ಆಟಗಾರರಿಗೆ ಒಗ್ಗುವಂತೆ ತಿದ್ದಿ, ಕೋಚ್ ಜತೆಗಿನ ತಕರಾರಿನಂಥ ಸಂಗತಿಗಳನ್ನೂ ಸೇರಿಸಿ ಅವರ ಬಳಗ 1975ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಬದುಕಿನಲ್ಲಿ ಏರುಪೇರು ಕಡಿಮೆ ಇದ್ದ ಆಟಗಾರರ ಪೈಕಿ ಗಾಯಗೊಂಡವರು ಶೇ. 30. ನಡುಮಟ್ಟದವರಲ್ಲಿ ಶೇ. 50. ಏರುಪೇರು ವಿಪರೀತವಾಗಿದ್ದವರಲ್ಲಿ ಶೇ. 73. ಒಂದೇ ಬಯಲು, ಒಂದೇ ಆಟ, ಒಂದೇ ತರಬೇತಿ. ವ್ಯತ್ಯಾಸವಿದ್ದದ್ದು ಆಟಗಾರರು ಬಯಲಿಗೆ ಹೊತ್ತು ತಂದ ಭಾರದಲ್ಲಿ. ಮುಂದೆ ಬಂದ ಸಂಶೋಧಕರು ಸಿಹಿ ಘಟನೆಗಳನ್ನೂ ಕಹಿ ಘಟನೆಗಳನ್ನೂ ಬೇರೆ ಬೇರೆ ಮಾಡಿ ನೋಡಿದರು. ಗಾಯದ ಜತೆ ಹೆಚ್ಚು ನಂಟಿದ್ದುದು ಕಹಿಗೇ.

ಹೋಮ್ಸ್ ಮತ್ತು ರಾಹೆ ಅವರ ಮೂಲ ಪಟ್ಟಿಯನ್ನು ಕೈಯಲ್ಲಿ ಹಿಡಿದು ನಮ್ಮ ಕಡೆಯದೇ ಒಂದು ಲೆಕ್ಕ ಹಾಕಿ ನೋಡಬಹುದು. ಕರ್ನಾಟಕದ ಕ್ರೀಡಾ ಇಲಾಖೆ ನಡೆಸುವ ಕ್ರೀಡಾ ವಸತಿ ನಿಲಯಗಳಿಗೆ ಆಯ್ಕೆಯಾದ ಮಕ್ಕಳು ಎಳೆಯ ವಯಸ್ಸಿನಲ್ಲೇ ಊರು ಬಿಟ್ಟು ಬರುತ್ತಾರೆ. ಆಯ್ಕೆಯಾದದ್ದು ಊರಿಗೆಲ್ಲ ಸಂಭ್ರಮ. ಪಟ್ಟಿ ಏನು ಹೇಳುತ್ತದೆ? ಬದುಕುವ ಪರಿಸರ ಬದಲಾದದ್ದಕ್ಕೆ 25, ವಾಸಸ್ಥಳ ಬದಲಾದದ್ದಕ್ಕೆ 20, ಶಾಲೆ ಬದಲಾದದ್ದಕ್ಕೆ 20, ಗೆಳೆಯರ ಒಡನಾಟ ಬದಲಾದದ್ದಕ್ಕೆ 18, ನಿದ್ದೆಯ ಕ್ರಮಕ್ಕೆ 16, ಊಟದ ಕ್ರಮಕ್ಕೆ 15. ಒಟ್ಟು 114. ಅಂದರೆ ಬಾಳಸಂಗಾತಿಯ ಸಾವಿಗೆ ಕೊಟ್ಟ ಅಂಕಕ್ಕಿಂತ ಹೆಚ್ಚು! ಈ ಪಟ್ಟಿ ಮಾಡಿದ್ದು ದೊಡ್ಡವರಿಗಾಗಿ, ಹೀಗೆ ಅಂಗಡಿ ಲೆಕ್ಕದಂತೆ ಕೂಡಿಸುವುದು ಒರಟು ವಿಧಾನ ಎಂಬುದೆಲ್ಲ ಸರಿ. ಮನೆ ಬಿಟ್ಟ ಮಗುವಿನ ದುಃಖವೂ ವಿಧುರನ ದುಃಖವೂ ಒಂದೇ ಎಂದು ಯಾರೂ ಹೇಳಲಾರರು. ಆದರೂ ಬೆಳಗಿನ ಜಾವ ಓಡಲು ನಿಂತ ಹುಡುಗಿಯ ಬೆನ್ನಿನ ಮೇಲೆ ಕಣ್ಣಿಗೆ ಕಾಣದ ಎಷ್ಟು ಹೊರೆ ಇದ್ದೀತು ಎಂಬುದರ ಅಂದಾಜಿಗೆ ಇಷ್ಟು ಸಾಕು.

ಕಣ್ಣು ಮತ್ತು ಸ್ನಾಯು

ಚಿಂತೆಗೂ ಚಿತೆಗೂ ಒಂದು ಸೊನ್ನೆಯಷ್ಟೇ ಅಂತರ ಎಂದು ನಮ್ಮ ಹಿರಿಯರು ಹೇಳಿದ್ದುಂಟು. ಆದರೆ ಚಿಂತೆ ಮೊಣಕಾಲಿನ ತನಕ ಇಳಿಯುವುದು ಯಾವ ದಾರಿಯಲ್ಲಿ? ಶೇಕಡಾವಾರು ಅಂಕಿಗಳು ಸಂಬಂಧವನ್ನು ತೋರಿಸುತ್ತವೆಯೇ ಹೊರತು ದಾರಿಯನ್ನು ತೋರಿಸುವುದಿಲ್ಲ. ಆ ದಾರಿಯ ನಕ್ಷೆ ಬರೆದವರು ಮಾರ್ಕ್ ಆಂಡರ್ಸನ್ ಮತ್ತು ಜೀನ್ ವಿಲಿಯಮ್ಸ್ ಎಂಬ ಮನೋವಿಜ್ಞಾನಿಗಳು. 1988ರಲ್ಲಿ ಅವರು ಮಂಡಿಸಿದ ವಿವರಣೆ, ಅಲ್ಪಸ್ವಲ್ಪ ತಿದ್ದುಪಡಿಗಳೊಂದಿಗೆ, ಇಂದಿಗೂ ಈ ಕ್ಷೇತ್ರದ ಅಡಿಪಾಯ.

ಅವರ ಪ್ರಕಾರ ಎಲ್ಲವೂ ಶುರುವಾಗುವುದು ಒಂದು ಅಂದಾಜಿನಿಂದ. ಆಟಗಾರ್ತಿ ತನ್ನ ಮುಂದಿರುವ ಸವಾಲನ್ನೂ ಅದನ್ನು ಎದುರಿಸಲು ತನ್ನಲ್ಲಿರುವ ಶಕ್ತಿಯನ್ನೂ ಮನಸ್ಸಿನಲ್ಲೇ ತಕ್ಕಡಿಗೆ ಹಾಕುತ್ತಾಳೆ. ‘ನನ್ನ ಕೈಲಾಗದು, ಆಗದಿದ್ದರೆ ಕೆಡುತ್ತದೆ’ ಎನ್ನಿಸಿತೋ, ಶರೀರ ಅಪಾಯದ ಗಂಟೆ ಬಾರಿಸುತ್ತದೆ. ಆಗ ಮುಖ್ಯವಾಗಿ ಎರಡು ಬದಲಾವಣೆ ಆಗುತ್ತವೆ.

ಒಂದು ಕಣ್ಣಿಗೆ ಸಂಬಂಧಿಸಿದ್ದು. ಜಟಕಾ ಕುದುರೆಯ ಕಣ್ಣಿನ ಪಕ್ಕಕ್ಕೆ ಚರ್ಮದ ಪಟ್ಟಿ ಕಟ್ಟುತ್ತಿದ್ದರಲ್ಲ, ಒತ್ತಡ ಅಂಥದೇ ಒಂದು ಪಟ್ಟಿಯನ್ನು ಮನುಷ್ಯನಿಗೂ ಕಟ್ಟುತ್ತದೆ. ನೇರ ಎದುರಿನದು ಕಾಣುತ್ತದೆ, ಅಂಚಿನ ನೋಟ ಕುಗ್ಗುತ್ತದೆ. ಕಬಡ್ಡಿಯಲ್ಲಿ ದಾಳಿಗೆ ಇಳಿದವನನ್ನು ನೆನೆಯಿರಿ. ಅವನ ಕ್ಷೇಮವಿರುವುದು ಎದುರಿಗಿರುವವನ ಮೇಲಿನ ದೃಷ್ಟಿಯಲ್ಲಲ್ಲ. ಮೂಲೆಯಿಂದ ಹಿಮ್ಮಡಿಗೆ ಕೈ ಹಾಕಲು ಬಾಗುತ್ತಿರುವವನನ್ನು ಕಡೆಗಣ್ಣಿನಲ್ಲಿ ಹಿಡಿಯುವುದರಲ್ಲಿ. ಆ ಕಡೆಗಣ್ಣೇ ಮಂಕಾದರೆ ಅರ್ಧ ಕ್ಷಣ ತಡವಾಗಿ ತಿರುಗುತ್ತಾನೆ. ಕಾಲು ನೆಲಕ್ಕೆ ಕಚ್ಚಿಕೊಂಡಿರುವಾಗಲೇ ಮೈ ತಿರುಗುತ್ತದೆ. ಮೊಣಕಾಲು ತಿರುಚಿಕೊಳ್ಳಲು ಬೇರೇನೂ ಬೇಕಿಲ್ಲ. ವಿಲಿಯಮ್ಸ್ ಅವರ ಬಳಗ ಇದನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿತು. ಬದುಕಿನಲ್ಲಿ ಕಷ್ಟ ಹೆಚ್ಚು ಉಂಡವರಿಗೆ, ಒತ್ತಡದ ಕೆಲಸ ಕೊಟ್ಟಾಗ, ಅಂಚಿನ ನೋಟ ಉಳಿದವರಿಗಿಂತ ಹೆಚ್ಚು ಕುಗ್ಗುತ್ತಿತ್ತು. ಮುಂದೆ ಅಮೆರಿಕದ ಹೈಸ್ಕೂಲು ಫುಟ್‌ಬಾಲ್ ಆಟಗಾರರ ಮೇಲೆ ನಡೆದ ಅಧ್ಯಯನವೂ ಕಷ್ಟ ಮತ್ತು ಗಾಯಗಳ ನಡುವಿನ ಕೊಂಡಿಗಳಲ್ಲಿ ಇದೂ ಒಂದು, ಚಿಕ್ಕದಾದರೂ ನಿಜವಾದದ್ದು, ಎಂದು ತೋರಿಸಿತು.

ಇನ್ನೊಂದು ಸ್ನಾಯುವಿನದು. ಮರ ಕೊಯ್ಯುವ ಉದ್ದ ಗರಗಸದ ಎರಡು ತುದಿಯಲ್ಲಿ ಇಬ್ಬರು ನಿಂತಿರುತ್ತಾರೆ. ಒಬ್ಬ ಎಳೆದಾಗ ಇನ್ನೊಬ್ಬ ಸಡಿಲ ಬಿಡಬೇಕು. ಇಬ್ಬರೂ ಒಟ್ಟಿಗೆ ಎಳೆದರೆ ಗರಗಸ ಮರದಲ್ಲೇ ಸಿಕ್ಕಿಕೊಳ್ಳುತ್ತದೆ. ನಮ್ಮ ಕೀಲುಗಳ ಕೆಲಸವೂ ಹಾಗೆಯೇ. ಬಾಗಿಸುವ ಸ್ನಾಯು ಬಿಗಿಯುವಾಗ ನೀಡುವ ಸ್ನಾಯು ಸಡಿಲವಾಗಬೇಕು. ಹೆದರಿದ ಶರೀರ ಎರಡನ್ನೂ ಒಮ್ಮೆಗೇ ಬಿಗಿಯುತ್ತದೆ. ಜಿಗಿದು ಇಳಿಯುವಾಗ ಸ್ಪ್ರಿಂಗಿನಂತೆ ಮಣಿಯಬೇಕಾದ ಕಾಲು ಮರದ ಕೊರಡಿನಂತೆ ನೆಲಕ್ಕೆ ಬಡಿಯುತ್ತದೆ. ಇವೆರಡರ ಜತೆಗೆ ಗಮನ ಚೆದುರುವಿಕೆ. ಮನಸ್ಸು ಒಂದು ಕಡೆ, ಮೈ ಒಂದು ಕಡೆ.

ನಮ್ಮ ತರಬೇತುದಾರರಲ್ಲಿ ಅನೇಕರು ಮನಸ್ಸಿನ ಮಾತೆತ್ತಿದರೆ ಅದು ಸೋಲುಬುರುಕರ ವಿಷಯ ಎಂಬಂತೆ ಮುಖ ಮಾಡುವುದುಂಟು. ಆದರೆ ಇಲ್ಲಿ ಹೇಳುತ್ತಿರುವುದು ಭಾವುಕತೆಯ ಮಾತಲ್ಲ. ಕಣ್ಣಿನ ಕೋನ, ಸ್ನಾಯುವಿನ ಬಿಗಿತ – ಎರಡೂ ಅಳತೆಗೆ ಸಿಗುವ ವಸ್ತುಗಳು.

ಮಿನ್‌ಸ್ಕ್‌ನಲ್ಲಿ ಒಂದು ದಿನ

ಈ ವಿವರಣೆ ಬರುವುದಕ್ಕೆ ಎಂಟು ವರ್ಷ ಮುಂಚೆ, 1980ರ ಜುಲೈ 3ರಂದು, ಸೋವಿಯತ್ ಒಕ್ಕೂಟದ ಮಿನ್‌ಸ್ಕ್ ನಗರದಲ್ಲಿ ನಡೆದ ದುರಂತವನ್ನು ಇದರ ಬೆಳಕಿನಲ್ಲಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ಎಲೆನಾ ಮುಖಿನಾ ಆಗ 20ರ ತರುಣಿ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡು ಅಜ್ಜಿಯ ಆಸರೆಯಲ್ಲಿ ಬೆಳೆದ ಹುಡುಗಿ. 1978ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ನಡೆದ ವಿಶ್ವ ಜಿಮ್ನಾಸ್ಟಿಕ್ಸ್ ಸ್ಪರ್ಧೆಯಲ್ಲಿ, ರುಮೇನಿಯದ ಪ್ರಸಿದ್ಧ ನಾದಿಯಾ ಕೊಮನೇಚಿಯನ್ನೂ ಹಿಂದಿಕ್ಕಿ ಸಮಗ್ರ ಚಾಂಪಿಯನ್ ಆದವಳು. ಮರುವರ್ಷ ಕಾಲು ಮುರಿಯಿತು. 1979ರಲ್ಲಿ ಸೋವಿಯತ್ ಮಹಿಳಾ ತಂಡ ವಿಶ್ವ ಪ್ರಶಸ್ತಿಯನ್ನು ರುಮೇನಿಯಕ್ಕೆ ಬಿಟ್ಟುಕೊಟ್ಟಿತು. ಇನ್ನು ಕೆಲವೇ ತಿಂಗಳಲ್ಲಿ ಮಾಸ್ಕೋ ಒಲಿಂಪಿಕ್ಸ್. ಸ್ವಂತ ನೆಲದಲ್ಲಿ ಸೋಲುವುದು ಊಹೆಗೂ ಮೀರಿದ್ದು. ಕಾಲು ಪೂರ್ತಿ ಕೂಡುವ ಮೊದಲೇ ಆಕೆಯನ್ನು ಅಭ್ಯಾಸಕ್ಕೆ ಇಳಿಸಲಾಯಿತು.

ನೆಲದ ಮೇಲಿನ ಕಸರತ್ತಿಗೆ ಆಕೆಗೆ ಹೇಳಿಕೊಡುತ್ತಿದ್ದದ್ದು ‘ಥಾಮಸ್ ಲಾಗ’. ಅಮೆರಿಕದ ಕರ್ಟ್ ಥಾಮಸ್ ಎಂಬ ಪುರುಷ ಜಿಮ್ನಾಸ್ಟ್ ರೂಪಿಸಿದ, ಗಾಳಿಯಲ್ಲಿ ಸುತ್ತಿ ತಿರುಗಿ ಕೊನೆಗೆ ಕುತ್ತಿಗೆ ಬೆನ್ನುಗಳ ಮೇಲೆ ಉರುಳುವಂಥ ವರಸೆ ಅದು. ಒಂದಿಷ್ಟು ಎತ್ತರ ಕಡಿಮೆಯಾದರೂ ತಲೆಯೇ ನೆಲಕ್ಕೆ ಬಡಿಯುತ್ತದೆ. ಇದರಿಂದ ತನ್ನ ಕುತ್ತಿಗೆ ಮುರಿಯುತ್ತದೆ ಎಂದು ಆಕೆ ಕೋಚ್‌ಗೆ ಹೇಳಿದ್ದಳು. ನಿನ್ನಂಥವರ ಕುತ್ತಿಗೆ ಮುರಿಯುವುದಿಲ್ಲ ಎಂಬರ್ಥದ ಉತ್ತರ ಸಿಕ್ಕಿತ್ತೆಂದು ಮುಂದೆ ಆಕೆಯೇ ಹೇಳಿಕೊಂಡಿದ್ದಾಳೆ. ಒಲಿಂಪಿಕ್ಸ್‌ಗೆ ಎರಡು ವಾರವಿರುವಾಗ, ಅಭ್ಯಾಸದಲ್ಲಿ, ಆ ಲಾಗಕ್ಕೆ ಬೇಕಾದ ಚಿಮ್ಮು ಕಾಲಿನಿಂದ ಬರಲಿಲ್ಲ. ಗದ್ದ ನೆಲಕ್ಕೆ ಬಡಿದು ಕುತ್ತಿಗೆಯ ಬೆನ್ನುಹುರಿ ಹೋಯಿತು. ಉಳಿದ ಆಯುಷ್ಯವನ್ನೆಲ್ಲ ಕೈಕಾಲು ಸ್ವಾಧೀನವಿಲ್ಲದೆ ಕಳೆದು, 2006ರ ಡಿಸೆಂಬರ್‌ನಲ್ಲಿ ತನ್ನ 46ನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡಳು. ಆ ಬಗೆಯ ಲಾಗಗಳನ್ನು ಮಹಿಳೆಯರ ಸ್ಪರ್ಧೆಗಳಲ್ಲಿ ನಿಷೇಧಿಸಲಾಯಿತು.

ಕಾಲಿನ ಮೂಳೆ ಕೂಡಿರಲಿಲ್ಲ, ಹಾಗಾಗಿ ಬಿದ್ದಳು ಎನ್ನುವುದು ಒಂದು ವಿವರಣೆ, ಸರಿಯಾದ ವಿವರಣೆಯೇ. ಆದರೆ ಬಿದ್ದ ಕ್ಷಣದಲ್ಲಿ ತನ್ನ ಮನಸ್ಸಿಗೆ ಮೊದಲು ಬಂದದ್ದು ಸದ್ಯ, ಇನ್ನು ಒಲಿಂಪಿಕ್ಸ್‌ಗೆ ಹೋಗಬೇಕಿಲ್ಲ ಎಂಬ ನೆಮ್ಮದಿ ಎಂದು ಮುಖಿನಾ ಸಂದರ್ಶನವೊಂದರಲ್ಲಿ ಹೇಳಿದ ಮಾತನ್ನು ಎಲ್ಲಿಡೋಣ? ಕುತ್ತಿಗೆ ಮುರಿದುಕೊಂಡ ಹುಡುಗಿಗೆ ಅದು ಬಿಡುಗಡೆಯಂತೆ ಕಂಡಿತೆಂದರೆ, ಅದಕ್ಕೂ ಮುಂಚಿನ ದಿನಗಳಲ್ಲಿ ಆಕೆ ಯಾವ ಸ್ಥಿತಿಯಲ್ಲಿ ಆ ನೆಲಹಾಸಿನ ಮೇಲೆ ಓಡುತ್ತಿದ್ದಿರಬೇಕು! ದಣಿವು, ಭಯ, ಬೇಡವೆಂದು ಹೇಳಲು ಆಗದ ಅಸಹಾಯಕತೆ, ಕೇಳುವವರಿಲ್ಲದ ಒಂಟಿತನ. ಆಂಡರ್ಸನ್ ಮತ್ತು ವಿಲಿಯಮ್ಸ್ ಮುಂದೆ ಕಾಗದದ ಮೇಲೆ ಬಾಣದ ಗುರುತು ಹಾಕಿ ಜೋಡಿಸಿದ್ದೆಲ್ಲ ಅಲ್ಲಿತ್ತು.

ಎರಡರಲ್ಲಿ ಒಂದಿದ್ದರೂ ಸಾಕು

ಹಾಗಾದರೆ ಕಷ್ಟದಲ್ಲಿರುವ ಮಕ್ಕಳನ್ನೆಲ್ಲ ಆಟದಿಂದ ದೂರವಿಡಬೇಕೇ? ಈ ಪ್ರಶ್ನೆಗೆ ಉತ್ತರ ಕೊಡುವ ಅಧ್ಯಯನ, ನನ್ನ ದೃಷ್ಟಿಯಲ್ಲಿ, ಈ ಇಡೀ ಸಾಹಿತ್ಯದಲ್ಲೇ ಹೆಚ್ಚು ಬೆಲೆಯುಳ್ಳದ್ದು. ಅದೂ ಸಿಯಾಟಲ್‌ನದೇ. ರೊನಾಲ್ಡ್ ಸ್ಮಿತ್, ಫ್ರಾಂಕ್ ಸ್ಮಾಲ್ ಮತ್ತು ಜಾನ್ ಟಾಸೆಕ್ ಎಂಬ ಮೂವರು 1990ರಲ್ಲಿ ಪ್ರಕಟಿಸಿದ್ದು. ಅವರು 451 ಹೈಸ್ಕೂಲು ಆಟಗಾರರನ್ನು, ಹುಡುಗರು ಹುಡುಗಿಯರಿಬ್ಬರನ್ನೂ, ಒಂದು ಋತುವಿನುದ್ದಕ್ಕೂ ಗಮನಿಸಿದರು. ಪ್ರತಿಯೊಬ್ಬರ ಬಗ್ಗೆ ಮೂರು ಸಂಗತಿ ಕೇಳಿಕೊಂಡರು: ಇತ್ತೀಚೆಗೆ ಯಾವ ಕಹಿ ಘಟನೆಗಳು ನಡೆದಿವೆ? ಕಷ್ಟ ಹೇಳಿಕೊಳ್ಳಲು, ಆಸರೆಗೆ ನಿಲ್ಲಲು ಎಷ್ಟು ಜನ ಇದ್ದಾರೆ? ಒತ್ತಡ ಬಂದಾಗ ತನ್ನನ್ನು ತಾನೇ ಸಂಭಾಳಿಸಿಕೊಳ್ಳುವ ಕೌಶಲ ಎಷ್ಟಿದೆ?

ಫಲಿತಾಂಶ ಅವರನ್ನೂ ಚಕಿತಗೊಳಿಸಿರಬೇಕು. ಕಹಿ ಘಟನೆಗಳಿಗೂ ಗಾಯಕ್ಕೂ ಗಟ್ಟಿಯಾದ ಸಂಬಂಧ ಕಂಡುಬಂದದ್ದು ಒಂದೇ ಒಂದು ಗುಂಪಿನಲ್ಲಿ – ಜನರ ಆಸರೆಯೂ ಇಲ್ಲ, ಸಂಭಾಳಿಸುವ ಕೌಶಲವೂ ಇಲ್ಲ ಎಂಬಂಥವರಲ್ಲಿ. ಎರಡರಲ್ಲಿ ಒಂದಿದ್ದವರಲ್ಲಿ, ಬದುಕು ಎಷ್ಟೇ ಹೊಡೆತ ಕೊಟ್ಟಿದ್ದರೂ, ಆ ಸಂಬಂಧ ಮಸುಕಾಗಿಬಿಟ್ಟಿತ್ತು. ಧೈರ್ಯವಂತ ಹುಡುಗಿಗೆ ಯಾರ ಆಸರೆ ಇಲ್ಲದಿದ್ದರೂ ನಡೆಯುತ್ತದೆ. ಪುಕ್ಕಲ ಹುಡುಗನಿಗೆ ಹೆಗಲು ಕೊಡುವ ನಾಲ್ಕು ಜನ ಇದ್ದರೂ ನಡೆಯುತ್ತದೆ.

ನಾವು ಮಾಡುವುದು ಇದರ ತಲೆಕೆಳಗು. ಅಳುಕುವ ಮಗುವಿಗೆ ‘ಧೈರ್ಯ ತಗೋ, ಗಟ್ಟಿಯಾಗು’ ಎನ್ನುತ್ತೇವೆ. ಅಂದರೆ ಎರಡು ದಾರಿಗಳಲ್ಲಿ ಮಗುವಿಗೆ ಕಷ್ಟವಾದ ದಾರಿಯನ್ನು ಅದರ ತಲೆಗೇ ಕಟ್ಟಿ, ನಮ್ಮ ಕೈಯಲ್ಲಿರುವ ಸುಲಭದ ದಾರಿಯನ್ನು ಮರೆಯುತ್ತೇವೆ. ಜತೆಗೆ ಒಂದು ಸೂಕ್ಷ್ಮವಿದೆ. ಆಟದಲ್ಲಿ ಮುಂದೆ ಬಂದ ಮಗುವಿನ ಸುತ್ತ ಜನಕ್ಕೇನೂ ಕೊರತೆ ಇರುವುದಿಲ್ಲ. ಅಪ್ಪ ಅಮ್ಮ, ಕೋಚ್, ಬಂಧುಗಳು, ಪತ್ರಿಕೆಯವರು. ಆದರೆ ಅವರೆಲ್ಲರ ಮಾತೂ ಆಟದ ಸುತ್ತಲೇ. ಸೋತು ಬಂದ ದಿನ ಸೋಲಿನ ಮಾತೆತ್ತದೆ ಊಟಕ್ಕೆ ಬಡಿಸುವ ಒಬ್ಬರಾದರೂ ಇದ್ದಾರೆಯೇ ಎಂಬುದರ ಮೇಲೆ ಆಸರೆಯ ಲೆಕ್ಕ ನಿಂತಿದೆ.

ಶಾಲೆ ಕಾಲೇಜಿನ ಮಕ್ಕಳ ವಿಷಯಕ್ಕೆ ಬಂದರೆ ಪರೀಕ್ಷೆಯನ್ನು ಮರೆಯುವಂತಿಲ್ಲ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ 101 ಫುಟ್‌ಬಾಲ್ ಆಟಗಾರರನ್ನು ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಓದಿನ ಒತ್ತಡ ಕಡಿಮೆಯಿದ್ದ ವಾರಗಳಿಗೆ ಹೋಲಿಸಿದರೆ ಪರೀಕ್ಷೆಯ ವಾರಗಳಲ್ಲಿ ಗಾಯದ ಸಂಭವ ಸುಮಾರು ಒಂದೂಮುಕ್ಕಾಲು ಪಟ್ಟು ಇತ್ತು. ಎಸ್ಸೆಸ್ಸೆಲ್ಸಿ, ಪಿಯುಸಿ ಎಂದರೆ ಮನೆಗೆ ಮನೆಯೇ ಉಸಿರು ಬಿಗಿಹಿಡಿಯುವ ನಮ್ಮಲ್ಲಿ ಈ ಲೆಕ್ಕ ಯಾರಾದರೂ ಹಾಕಿ ನೋಡಬೇಕು. ನಿದ್ದೆಯದೂ ಇದೇ ಕಥೆ: 2014ರಲ್ಲಿ ಲಾಸ್ ಏಂಜಲೀಸ್‌ನಿಂದ ಬಂದ ವರದಿಯಲ್ಲಿ, ರಾತ್ರಿ 8 ಗಂಟೆಗಿಂತ ಕಡಿಮೆ ಮಲಗುವ ಹದಿಹರೆಯದ ಆಟಗಾರರಲ್ಲಿ ಗಾಯದ ಸಂಭವ 1.7 ಪಟ್ಟು.

ಇನ್ನೊಂದು ಅಧ್ಯಯನ ಬ್ರಿಟನ್ನಿನದು, 2018ರದು. ಸರಾಸರಿ 17 ವಯಸ್ಸಿನ 80 ಕ್ರೀಡಾಪಟುಗಳನ್ನು 10 ತಿಂಗಳು ಗಮನಿಸಿದಾಗ, ಪರಿಪೂರ್ಣತೆಯ ಹಂಬಲದಲ್ಲಿ ಎರಡು ಬಗೆ ಇರುವುದು ಕಂಡಿತು. ಇನ್ನೂ ಚೆನ್ನಾಗಿ ಮಾಡಬೇಕೆಂಬ ಛಲ ಒಂದು ಬಗೆ; ಅದು ಗಾಯವನ್ನು ತರುವಂತೆ ಕಾಣಲಿಲ್ಲ. ತಪ್ಪು ಮಾಡಿಬಿಟ್ಟರೆ ಏನು ಗತಿ, ಉಳಿದವರು ಏನೆಂದಾರು ಎಂಬ ಕೊರಗು ಇನ್ನೊಂದು ಬಗೆ. ಗಾಯದ ಜತೆ ನಂಟಿದ್ದುದು ಈ ಎರಡನೆಯದಕ್ಕೆ. ಇಂಥ ಮಕ್ಕಳು ಸಣ್ಣ ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ, ವಿಶ್ರಾಂತಿಯನ್ನು ಸೋಲೆಂದು ಭಾವಿಸುತ್ತಾರೆ. ಕೋಚ್‌ಗಳಿಗೆ ಅಚ್ಚುಮೆಚ್ಚಾಗುವುದೂ ಇವರೇ!

ಚಪ್ಪಾಳೆ ಯಾರಿಗೆ

ನೋವು ನುಂಗಿಕೊಂಡು ಆಡುವುದನ್ನು ನಾವೆಲ್ಲ ಸೇರಿ ಕಲಿಸುತ್ತೇವೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಅಮೆರಿಕದ 18 ವರ್ಷದ ಕೆರಿ ಸ್ಟ್ರಗ್ ವಾಲ್ಟ್ ಸ್ಪರ್ಧೆಯ ಮೊದಲ ಜಿಗಿತದಲ್ಲೇ ಬಿದ್ದು ಹಿಮ್ಮಡಿಯ ಕೀಲನ್ನು ಗಾಯ ಮಾಡಿಕೊಂಡಳು. ಆದರೂ ಓಡಿಬಂದು ಎರಡನೆಯ ಜಿಗಿತ ಮಾಡಿ, ಒಂಟಿಕಾಲಿನಲ್ಲಿ ಕ್ಷಣಕಾಲ ನಿಂತು ಕುಸಿದಳು. ಕೋಚ್ ಆಕೆಯನ್ನು ಎತ್ತಿಕೊಂಡು ವಿಜಯವೇದಿಕೆಗೆ ಬಂದ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಅಂಕಗಳನ್ನು ಕೂಡಿಸಿದಾಗ ತಿಳಿದದ್ದು, ಆಕೆ ಎರಡನೆಯ ಸಲ ಜಿಗಿಯದಿದ್ದರೂ ಚಿನ್ನ ಅಮೆರಿಕಕ್ಕೇ ಬರುತ್ತಿತ್ತು ಎಂದು. ತಾನು ಅರ್ಹತೆ ಗಳಿಸಿದ್ದ ವೈಯಕ್ತಿಕ ಸ್ಪರ್ಧೆಗಳಿಗೆ ಆಕೆ ಇಳಿಯಲಾಗಲಿಲ್ಲ.

ನಮ್ಮ ಮಕ್ಕಳಿಗೆ ಸ್ಟ್ರಗ್ ಗೊತ್ತಿಲ್ಲದಿರಬಹುದು, ಅನಿಲ್ ಕುಂಬ್ಳೆ ಗೊತ್ತು. 2002ರ ಮೇ ತಿಂಗಳಲ್ಲಿ ಆಂಟಿಗಾ ಟೆಸ್ಟ್‌ನಲ್ಲಿ ಮರ್ವಿನ್ ದಿಲ್ಲಾನ್ ಎಸೆತ ತಾಗಿ ಒಡೆದ ದವಡೆಗೆ ಪಟ್ಟಿ ಸುತ್ತಿಕೊಂಡು, ಸತತ 14 ಓವರ್ ಬೌಲ್ ಮಾಡಿ, ಬ್ರಯನ್ ಲಾರಾ ವಿಕೆಟ್ ಕಿತ್ತ ಕುಂಬ್ಳೆ! ಆ ಚಿತ್ರ ಕಂಡು ಹೆಮ್ಮೆಪಡದ ಕನ್ನಡಿಗನುಂಟೇ? ಹೆಮ್ಮೆ ಸಹಜ, ನ್ಯಾಯವಾದದ್ದೂ ಹೌದು. ಆದರೆ ಕುಂಬ್ಳೆ ಆಗ 31ರ ಪ್ರಬುದ್ಧ. ತಮ್ಮ ನಿರ್ಧಾರ ತಾವೇ ಕೈಗೊಳ್ಳಬಲ್ಲವರು. ಮರುದಿನವೇ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿನ ವಿಮಾನ ಹತ್ತಿದವರು. ಅದೇ ಚಿತ್ರವನ್ನು 12ರ ಹುಡುಗನಿಗೆ ತೋರಿಸಿ ‘ನೋಡು, ಹೀಗಿರಬೇಕು’ ಎಂದರೆ ಅವನಿಗೆ ತಲುಪುವ ಪಾಠ ಬೇರೆ: ನೋವಾಯಿತೆಂದು ಹೇಳುವವನು ಹೇಡಿ. ಅಮೆರಿಕದ ಸಮಾಜಶಾಸ್ತ್ರಜ್ಞ ಹೊವಾರ್ಡ್ ನಿಕ್ಸನ್ 1990ರ ದಶಕದಲ್ಲೇ ಇದನ್ನು ಕ್ರೀಡಾಲೋಕದ ‘ಅಪಾಯದ ಸಂಸ್ಕೃತಿ’ ಎಂದು ಕರೆದಿದ್ದರು.

ಇದಕ್ಕೆ ಎದುರಾದ ಚಿತ್ರ ಕಾಣಲು ಜಗತ್ತು 2021ರ ತನಕ ಕಾಯಬೇಕಾಯಿತು. ಒಂದು ವರ್ಷ ತಡವಾಗಿ, ಪ್ರೇಕ್ಷಕರಿಲ್ಲದೆ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜುಲೈ 27ರಂದು ಅಮೆರಿಕದ ಸಿಮೋನ್ ಬೈಲ್ಸ್ ವಾಲ್ಟ್‌ಗೆ ಓಡಿದಳು. ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗಬೇಕಿದ್ದವಳು ಒಂದೂವರೆಗೇ ದಾರಿ ತಪ್ಪಿ ಹೇಗೋ ಇಳಿದಳು. ತಾನು ಗಾಳಿಯಲ್ಲಿ ಎಲ್ಲಿದ್ದೇನೆ, ನೆಲ ಯಾವ ಕಡೆ ಇದೆ ಎಂಬ ಅರಿವೇ ಹಠಾತ್ತನೆ ಮಾಯವಾಗುವ ಸ್ಥಿತಿ ಅದು. ಜಿಮ್ನಾಸ್ಟರು ತಮ್ಮಲ್ಲಿ ಅದಕ್ಕೆ ‘ಟ್ವಿಸ್ಟೀಸ್’ ಎನ್ನುತ್ತಾರೆ. ಕೈಕಾಲು ನೆಟ್ಟಗಿದ್ದ ಬೈಲ್ಸ್ ಅಲ್ಲಿಗೇ ತಂಡದ ಸ್ಪರ್ಧೆಯಿಂದ ಹಿಂದೆ ಸರಿದಳು. ತಂಡ ಬೆಳ್ಳಿಗೆ ಇಳಿಯಿತು. ಓಡಿಹೋದವಳು, ದೇಶಕ್ಕೆ ಕೈಕೊಟ್ಟವಳು ಎಂದು ಬೈದವರು ಕಡಿಮೆಯಿಲ್ಲ. ಮುಖಿನಾಳ ಕಥೆ ಬಲ್ಲವರು ಬೈಯಲಿಲ್ಲ. ವಾರದ ನಂತರ, ಕೊನೆಯಲ್ಲಿ ತಿರುಚುವ ಲಾಗವನ್ನು ತೆಗೆದುಹಾಕಿ, ಬೀಮ್ ಮೇಲೆ ಆಡಿ ಕಂಚು ಪಡೆದಳು. 2024ರ ಪ್ಯಾರಿಸ್‌ನಲ್ಲಿ 27ರ ವಯಸ್ಸಿಗೆ ಮೂರು ಚಿನ್ನ, ಒಂದು ಬೆಳ್ಳಿ. ಆ ಮೂರರಲ್ಲಿ ಒಂದು ವಾಲ್ಟ್‌ನದು.

ಎಷ್ಟು ನಂಬಬೇಕು

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸ್ವೀಡನ್ನಿನ ಆಂಡ್ರಿಯಾಸ್ ಐವರ್ಸನ್ ಮತ್ತು ಸಂಗಡಿಗರು ಜಗತ್ತಿನಾದ್ಯಂತ ನಡೆದ ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ತೂಗಿ ನೋಡಿದರು. ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ, ಒತ್ತಡಕ್ಕೆ ಶರೀರ ಮನಸ್ಸುಗಳು ತೋರುವ ಪ್ರತಿಕ್ರಿಯೆಗೂ ಗಾಯಕ್ಕೂ ಇರುವ ಸಂಬಂಧ 0.27, ಹಿಂದಿನ ಕಷ್ಟಗಳಿಗೂ ಗಾಯಕ್ಕೂ ಇರುವುದು 0.13. ಗಟ್ಟಿ ಸಂಬಂಧಗಳೆಂದು ಸಿಕ್ಕವು ಇವೇ, ಇವೂ ಸಾಧಾರಣವೇ. ಕೆಟ್ಟ ನೆಲ, ಸವೆದ ಬೂಟು, ಮಿತಿಮೀರಿದ ಅಭ್ಯಾಸ, ಎದುರಾಳಿಯ ಒರಟುತನ ಇವೆಲ್ಲ ಎಂದಿನಂತೆ ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ. ಕಲ್ಲು ತುಂಬಿದ ಬಯಲಿನಲ್ಲಿ ಮಕ್ಕಳನ್ನು ಓಡಿಸಿ, ಬಿದ್ದಾಗ ‘ನಿನ್ನ ಮನಸ್ಸೇ ಸರಿಯಿಲ್ಲ’ ಎಂದು ಹೇಳಲು ಈ ವಿಜ್ಞಾನವನ್ನು ಬಳಸಿದರೆ ಅದು ಗಾಯದ ಮೇಲೆ ಬರೆ.

ಗಮನಾರ್ಹವಾದದ್ದು, ಆ ಸಮೀಕ್ಷೆಯಲ್ಲಿ ಸೇರಿದ್ದ ಏಳು ತಡೆಗಟ್ಟುವ ಪ್ರಯೋಗಗಳ ಸಂಗತಿ. ಮನಸ್ಸಿಗೆ ತರಬೇತಿ ಕೊಟ್ಟ ಗುಂಪಿನಲ್ಲಿ ಏಳರಲ್ಲೂ ಗಾಯ ಕಡಿಮೆಯೇ. ಅವುಗಳಲ್ಲೊಂದು 2005ರಲ್ಲಿ ಸ್ವೀಡನ್ನಿನಲ್ಲೇ ಉರ್ಬನ್ ಜಾನ್ಸನ್ ಮತ್ತು ಸಹೋದ್ಯೋಗಿಗಳು ನಡೆಸಿದ್ದು. ಗಾಯದ ಸಂಭವ ಹೆಚ್ಚೆಂದು ಪ್ರಶ್ನಾವಳಿಯಿಂದ ಗುರುತಿಸಿದ ಫುಟ್‌ಬಾಲ್ ಆಟಗಾರರನ್ನು ಎರಡು ಗುಂಪು ಮಾಡಿದರು. ತರಬೇತಿ ಪಡೆದ 13 ಮಂದಿಯಲ್ಲಿ 10 ಮಂದಿ ಆ ಋತುವನ್ನು ಗಾಯವಿಲ್ಲದೆ ಮುಗಿಸಿದರು. ತರಬೇತಿ ಇಲ್ಲದ 16 ಮಂದಿಯಲ್ಲಿ ಹಾಗೆ ಉಳಿದವರು 3 ಮಂದಿ. ಸಣ್ಣ ಸಂಖ್ಯೆಗಳು, ಒಪ್ಪೋಣ. ತರಬೇತಿಯಾದರೂ ಎಂಥದು? ಆರು ಭೇಟಿ, ಎರಡು ಫೋನ್ ಕರೆ. ಮೈ ಮನಸ್ಸು ಸಡಿಲಿಸುವ ಅಭ್ಯಾಸ, ಕೈಗೆಟುಕುವ ಗುರಿ ಇಟ್ಟುಕೊಳ್ಳುವ ರೀತಿ, ಆತ್ಮವಿಶ್ವಾಸ, ಆಟದಲ್ಲೂ ದಿನದ ಬದುಕಿನಲ್ಲೂ ಮನಸ್ಸು ಕಲಕಿದ ಪ್ರಸಂಗಗಳನ್ನು ಗುರುತಿಸಿ ಮಾತಾಡುವುದು. ಯಂತ್ರ ಬೇಡ, ಔಷಧ ಬೇಡ. ಪ್ರಾಣಾಯಾಮ, ಶವಾಸನ ಬಲ್ಲ ನಾಡಿಗೆ ಮೊದಲನೆಯದಂತೂ ಹೊಸತಲ್ಲ. ನಮ್ಮಲ್ಲಿ ಕಷ್ಟವಾಗುವುದು ಕೊನೆಯದು.

ಗಾಯ ವಾಸಿಯಾದ ಮೇಲೂ ಮನಸ್ಸಿನ ಪಾಲು ಮುಗಿಯುವುದಿಲ್ಲ. ಮೊಣಕಾಲಿನೊಳಗಿನ ಎಸಿಎಲ್ ಎಂಬ ಕಟ್ಟು ಹರಿಯುವುದು ಕಬಡ್ಡಿ, ಫುಟ್‌ಬಾಲ್ ಆಡುವ ಮಕ್ಕಳ ಮನೆಗಳಲ್ಲಿ ಈಗ ಪರಿಚಿತವಾದ ಸಂಕಟ. ಶಸ್ತ್ರಚಿಕಿತ್ಸೆ ಮಾಡಿ, ಸಾಮಾನ್ಯವಾಗಿ 9 ತಿಂಗಳಿಗೆ ಮೊದಲು ಆಟಕ್ಕೆ ಇಳಿಯಬಾರದೆಂದು ವೈದ್ಯರು ಹೇಳುತ್ತಾರೆ. ಮನೆಯವರು ಕ್ಯಾಲೆಂಡರ್ ನೋಡುತ್ತಾರೆ, ಫಿಸಿಯೋಥೆರಪಿಸ್ಟ್ ತೊಡೆಯ ಬಲ ನೋಡುತ್ತಾರೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಕೇಟ್ ವೆಬ್‌ಸ್ಟರ್ ಮತ್ತು ಸಂಗಡಿಗರು 2008ರಲ್ಲಿ ಇದಕ್ಕೆ 12 ಪ್ರಶ್ನೆಗಳ ಇನ್ನೊಂದು ಪರೀಕ್ಷೆ ಸೇರಿಸಿದರು. ಮತ್ತೆ ಗಾಯವಾದೀತೆಂಬ ಭಯವಿದೆಯೇ, ಕಾಲಿನ ಮೇಲೆ ಭರವಸೆ ಇದೆಯೇ, ಆಡುವಾಗ ಮೊಣಕಾಲಿನ ಯೋಚನೆ ಬರುತ್ತದೆಯೇ – ಇಂಥ ಪ್ರಶ್ನೆಗಳು. 2019ರಲ್ಲಿ ಅದೇ ನಗರದಿಂದ ಬಂದ ವರದಿಯಲ್ಲಿ, 20 ವರ್ಷ ಮತ್ತು ಅದಕ್ಕಿಂತ ಕೆಳಗಿನವರ ಪೈಕಿ ಆಟಕ್ಕೆ ಮರಳಿ ಎರಡನೆಯ ಸಲ ಕಟ್ಟು ಹರಿದುಕೊಂಡವರು, ಶಸ್ತ್ರಚಿಕಿತ್ಸೆಯಾದ ಒಂದು ವರ್ಷಕ್ಕೆ ಈ ಪ್ರಶ್ನೆಗಳಲ್ಲಿ ಉಳಿದವರಿಗಿಂತ ಕಡಿಮೆ ಅಂಕ ಪಡೆದವರಾಗಿದ್ದರು.